ಜಾತ್ರೆಯಲ್ಲಿ ಅಂಗದಾನದ ಮಳಿಗೆ ಹಾಕಿ

ಮಾನ್ಯರೇ,

ನಮ್ಮ ಓಣಿಯ ಹಿರಿಯರೊಬ್ಬರು ಕಿಡ್ನಿ ಕೆಟ್ಟು ಡಯಾಲಿಸಿಸ್‌ನಲ್ಲಿದ್ದಾರೆ. ನೀರನ್ನೂ ಲೋಟದಲ್ಲಿ ಅಳೆದು ಕುಡಿಯುತ್ತಾರೆ. ಅವರನ್ನು ನೋಡಿದಾಗೆಲ್ಲ ಕಿಡ್ನಿ ಕಸಿಗೆ ದಾರಿ ತೋರಿದ ಅಮೆರಿಕದ ವೈದ್ಯ ಡಾ. ಜೋಸೆಫ್ ಮರ್ರೆ ನೆನಪಾಗುತ್ತಾರೆ.

ಎರಡನೇ ಮಹಾಯುದ್ಧದಲ್ಲಿ ಸುಟ್ಟು ಬಂದ ಸೈನಿಕರಿಗೆ ಬೇರೆಯವರ ಚರ್ಮ ಹಾಕಿದರೆ ಮೈ ಅದನ್ನು ಒಪ್ಪುತ್ತಿರಲಿಲ್ಲ. ಯಾಕೆ ಅನ್ನೋ ಪ್ರಶ್ನೆ ಈ ಪ್ಲಾಸ್ಟಿಕ್ ಸರ್ಜನ್‌ರನ್ನು ಬಿಡಲೇ ಇಲ್ಲ. 1954ರಲ್ಲಿ ಬಾಸ್ಟನ್‌ನಲ್ಲಿ ತದ್ರೂಪಿ ಅವಳಿಗಳಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಕಸಿ ಮಾಡಿದರು. ಇಬ್ಬರ ಮೈಯೂ ಒಂದೇ ಬಗೆಯದಾದ್ದರಿಂದ ಮೈ ಅದನ್ನು ಒಪ್ಪಿತು. ಸಾಯುವ ಸ್ಥಿತಿಯಲ್ಲಿದ್ದವನು ಮದುವೆಯಾದ, ಮಕ್ಕಳನ್ನು ಕಂಡ, ಎಂಟು ವರ್ಷ ಬದುಕಿದ. ಮರ್ರೆಗೆ 1990ರಲ್ಲಿ ನೊಬೆಲ್ ಬಂತು.

ನಮ್ಮ ರಾಜ್ಯದಲ್ಲಿ ಅಂಗದಾನಕ್ಕೆ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ಇದೆ. ಹೆಸರು ಬರೆಸಿದರಷ್ಟೇ ಸಾಲದು, ಸತ್ತ ಮೇಲೆ ಮನೆಯವರು ಒಪ್ಪಬೇಕು. ಈ ಮಾತೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶರಣಬಸವೇಶ್ವರ ಜಾತ್ರೆಗೆ ಮನೆಮಂದಿಯೆಲ್ಲ ಬರ್ತಾರೆ ಅಲ್ವಾ? ಆರೋಗ್ಯ ಇಲಾಖೆ ಅಲ್ಲೊಂದು ಮಳಿಗೆ ಹಾಕಲಿ.

– ಓದುಗ, ಬ್ರಹ್ಮಪುರ, ಕಲಬುರಗಿ