ಮೈದಾನಕ್ಕೆ ಪ್ಲಾಸ್ಟಿಕ್ ಹಾಸು ಬೇಡ, ತೋಡು ಬಿಡಿಸಿ ಹುಲ್ಲು ಉಳಿಸಿಕೊಡಿ: ಗ್ರಾಮ ಪಂಚಾಯತಿಗೆ ಊರವರ ಮನವಿ

ಇವರಿಗೆ,
ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳು,
ಗ್ರಾಮ ಪಂಚಾಯತು ಕಚೇರಿ,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ.

ಇವರಿಂದ,
ಪಂಚಾಯತು ಮೈದಾನದ ಸುತ್ತಲಿನ ನಿವಾಸಿಗಳು, ಶಾಲಾ ಮಕ್ಕಳ ಹೆತ್ತವರು ಮತ್ತು ಆಟಗಾರರು.

ವಿಷಯ: ಊರಿನ ಫುಟ್‌ಬಾಲ್ ಮೈದಾನಕ್ಕೆ ಕೃತಕ ಟರ್ಫ್ ಹಾಕುವ ತೀರ್ಮಾನವನ್ನು ಕೈಬಿಟ್ಟು, ಮಳೆನೀರು ಹರಿದುಹೋಗುವ ವ್ಯವಸ್ಥೆ ಮಾಡಿ, ಸಹಜ ಹುಲ್ಲಿನ ಮೈದಾನವನ್ನೇ ಉಳಿಸಿಕೊಡುವ ಬಗ್ಗೆ.

ಮಾನ್ಯರೇ,

ಈ ಮೈದಾನದ ಬಗ್ಗೆ ನಾವು ನಿಮಗೆ ಬರೆಯುತ್ತಿರುವುದು ಇದು ಮೊದಲಲ್ಲ. ಹಿಂದಿನ ಅರ್ಜಿಗಳ ಸ್ವೀಕೃತಿ ಚೀಟಿಗಳೆಲ್ಲ ನಮ್ಮ ಕೈಯಲ್ಲಿವೆ, ಸರಿಯಾದ ಉತ್ತರಗಳು ಮಾತ್ರ ಇಲ್ಲ. ಆ ಯಾವ ಅರ್ಜಿಯಲ್ಲೂ ನಾವು ಟರ್ಫ್ ಕೇಳಿರಲಿಲ್ಲ. ಕೇಳಿದ್ದು ನೀರು ಹೋಗಲು ದಾರಿ. ಈಗ ಟೇಪು ಹಿಡಿದು ಅಳತೆಗೆ ಬಂದವರ ಬಾಯಿಂದ, ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಗೇಟು ಇಡುತ್ತಾರೆ ಎಂಬ ಸುದ್ದಿ ತಿಳಿಯಿತು. ಗ್ರಾಮಸಭೆಯಲ್ಲಿ ಒಂದು ಮಾತು ಆಡಿಲ್ಲ. ಮೈದಾನದ ಎದುರು ಮನೆಯವರನ್ನು ಕೇಳಿಲ್ಲ. ಶಾಲೆಯ ಹೆತ್ತವರ ಮತ್ತು ಅಧ್ಯಾಪಕರ ಸಂಘಕ್ಕೂ (ಪಿಟಿಎ) ತಿಳಿಸಿಲ್ಲ. ಊರಿನ ಮೈದಾನದ ಸುದ್ದಿ ಊರವರಿಗೆ ಅಳತೆಯವರಿಂದ ಗೊತ್ತಾಗಬೇಕೇ?

ಮೊದಲು ನೀರಿನ ವಿಷಯ, ಏಕೆಂದರೆ ಎಲ್ಲ ತೊಂದರೆಯ ಮೂಲ ಅಲ್ಲೇ ಇದೆ. ಗುಡ್ಡೆಯಿಂದ ಇಳಿದು ಬರುವ ನೀರಿಗೆ ಮೈದಾನದ ಮೂಡು ಬದಿಯಲ್ಲಿ ಒಂದು ತೋಡು ಇತ್ತು. ಅದು ಮೋರಿ ದಾಟಿ ಪಡು ಬದಿಯ ಗದ್ದೆಗಳಿಗೆ ಹೋಗುತ್ತಿತ್ತು. ಹೆದ್ದಾರಿ ಆರು ಪಥ ಆಗುವ ಕೆಲಸದಲ್ಲಿ ಸರ್ವಿಸ್ ರಸ್ತೆ ಎತ್ತರವಾಯಿತು, ಮೋರಿಯ ಬಾಯಿಗೆ ಮಣ್ಣು ಬಿತ್ತು. ಆ ಮಳೆಗಾಲದಿಂದ ನೀರು ಮೈದಾನದಲ್ಲೇ ನಿಲ್ಲುತ್ತಿದೆ. ನಿಮ್ಮ ಕಚೇರಿಗೆ ಬಂದೆವು, ಅದು ಹೆದ್ದಾರಿಯವರ ಕೆಲಸ ಎಂದಿರಿ. ಕಾಮಗಾರಿಯವರ ಸೈಟ್ ಆಫೀಸಿಗೆ ಹೋದೆವು, ಪಂಚಾಯತಿನಿಂದ ಕಾಗದ ತನ್ನಿ ಎಂದರು. ಕಾಗದ ಕೇಳಲು ಬರುವಷ್ಟರಲ್ಲಿ ಕಾರ್ಯದರ್ಶಿಗಳಿಗೆ ವರ್ಗವಾಗಿತ್ತು. ಹೊಸಬರು ಹೊಸ ಅರ್ಜಿ ಬರೆಯಿರಿ ಎಂದರು, ಬರೆದೆವು. ಇಂಜಿನಿಯರ್ ನೋಡಿ ಹೋಗುತ್ತಾರೆ ಎಂದಿರಿ. ಅವರು ಬಂದದ್ದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ. ಒಣಗಿದ ನೆಲ ನೋಡಿ, "ಇಲ್ಲಿ ನೀರು ಎಲ್ಲಿ ನಿಲ್ಲುತ್ತದೆ?" ಎಂದು ನಮ್ಮನ್ನೇ ಕೇಳಿದರು. ಜೂನಿನಲ್ಲಿ ಒಮ್ಮೆ ಬನ್ನಿ ಎಂದು ಕೈಮುಗಿದು ಹೇಳಿದೆವು. ಎಷ್ಟೋ ಜೂನ್ ಕಳೆಯಿತು.

ಮತ್ತೆ ಅಧಿಕಾರಿಗಳು ಜನರ ದೂರು ಕೇಳುವ ಅದಾಲತ್ತಿಗೆ ಹೋದೆವು. ಅಲ್ಲಿ ಕೊಟ್ಟ ಅರ್ಜಿ ಮುದ್ರೆ ಹೊಡೆಸಿಕೊಂಡು ಎಲ್ಲೆಲ್ಲೋ ಸುತ್ತಿ "ಸೂಕ್ತ ಕ್ರಮಕ್ಕಾಗಿ" ಎಂದು ನಿಮ್ಮ ಮೇಜಿಗೇ ವಾಪಸು ಬಂತು. ಯಾರ ಮೇಲೆ ದೂರು ಕೊಟ್ಟೆವೋ ಅವರ ಕೈಗೇ ದೂರು ಸೇರಿದರೆ ನ್ಯಾಯ ಕೇಳಲು ಇನ್ನೆಲ್ಲಿಗೆ ಹೋಗಬೇಕು? ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಕಾನೂನು 30 ದಿನದೊಳಗೆ ಉತ್ತರ ಕೊಡಬೇಕೆನ್ನುತ್ತದೆ. ಉತ್ತರ ಬಂದದ್ದು ಅದೆಷ್ಟೋ ಕಾಲದ ಮೇಲೆ, ಅದೂ ಮಲಯಾಳದಲ್ಲಿ, ಒಂದೇ ಸಾಲು: ಕಡತ ಪರಿಶೀಲನೆಯಲ್ಲಿದೆ. ವಾರ್ಡ್ ಮೆಂಬರರು ಮಾತ್ರ ಪ್ರತಿ ಸಲ "ನೋಡುವ, ಫಂಡ್ ಬರಲಿ" ಎನ್ನುತ್ತಾರೆ. ತೋಡಿಗೆ ಬಾರದ ಫಂಡ್ ಟರ್ಫಿಗೆ ಹೇಗೆ ಬಂತು ಎಂಬುದನ್ನು ಈ ಸಲ ಬರವಣಿಗೆಯಲ್ಲಿ ತಿಳಿಸಬೇಕು.

ಒಂದು ಬೇಸಿಗೆಯಲ್ಲಿ ಕೆಲಸ ನಡೆಯಲಿಲ್ಲವೆಂದಲ್ಲ. ಹೊಂಡ ಮುಚ್ಚುವ ಹೆಸರಿನಲ್ಲಿ ಟಿಪ್ಪರಿನಲ್ಲಿ ಕೆಂಪುಮಣ್ಣು ತಂದು ಸುರಿದರು. ಅದರಲ್ಲಿ ಅರ್ಧ ಮುರಕಲ್ಲಿನ ಚೂರು. ಜೆಸಿಬಿ ಒಂದು ಸುತ್ತು ಹರಡಿ ಹೋಯಿತು, ರೋಲರ್ ಬರಲೇ ಇಲ್ಲ. ತಲೆಮಾರುಗಳಿಂದ ತಾನಾಗಿ ಹಬ್ಬಿದ್ದ ಗರಿಕೆ ಆ ಮಣ್ಣಿನಡಿ ಸತ್ತಿತು, ಅಲ್ಲಿ ಈಗ ನಾಚಿಕೆಮುಳ್ಳು ಎದ್ದಿದೆ. ಬಿದ್ದ ಮಕ್ಕಳ ಮೊಣಕಾಲಿನಿಂದ ಕಲ್ಲಿನ ಚೂರು ತೆಗೆಯುವ ಕೆಲಸ ನಮ್ಮ ಮನೆಗಳಲ್ಲಿ ನಡೆಯುತ್ತಿದೆ, ನಿಮ್ಮ ಕಚೇರಿಯಲ್ಲಿ ಅಲ್ಲ. ಪಡುಗಡೆಯ ಗೋಲಿನ ಎದುರು ಮಂಡಿಯಷ್ಟು ಹೊಂಡ ಬಿದ್ದಿದೆ. ಪಂದ್ಯದ ದಿನ ಹುಡುಗರು ಬೆಳಿಗ್ಗೆಯೇ ಬಂದು ಪೇಂಟಿನ ಡಬ್ಬದಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿ, ಮಿಲ್ಲಿನಿಂದ ತಂದ ಮರದ ಹುಡಿ ಹರಡಿ, ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಾರೆ. ಆಮೇಲೆ ಆಡುತ್ತಾರೆ. ಈ ಮೈದಾನಕ್ಕೆ ಇಷ್ಟು ವರ್ಷ ನಡೆದ ನಿರ್ವಹಣೆ ಎಂದರೆ ಅದೊಂದೇ.

ನಮ್ಮ ಹುಡುಗರಲ್ಲೇ ಕೆಲವರಿಗೆ ಟರ್ಫ್ ಬೇಕು ಎಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಕೆಸರಿನಲ್ಲಿ ಆಡಿ ಆಡಿ ಸಾಕಾದವರು ಅವರು, ಅವರನ್ನು ದೂರುವುದಿಲ್ಲ. ಆದರೆ ಕೆಸರಿಗೆ ಕಾರಣ ಹುಲ್ಲಲ್ಲ, ಮುಚ್ಚಿದ ಮೋರಿ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನೀರು ಹೋಗಲು ದಾರಿಯಿಲ್ಲದ ನೆಲದ ಮೇಲೆ ಹುಲ್ಲು ಹಾಕಿದರೂ ನೀರು ನಿಲ್ಲುತ್ತದೆ, ಪ್ಲಾಸ್ಟಿಕ್ ಹಾಕಿದರೂ ನಿಲ್ಲುತ್ತದೆ. ಟರ್ಫ್ ಹಾಕುವ ಮೊದಲು ಅಡಿಯಲ್ಲಿ ಜಲ್ಲಿ ಹಾಕಿ ಪೈಪು ಕೂರಿಸಿ ನೀರನ್ನು ಹೊರಗೆ ಬಿಡಲೇಬೇಕು. ಹೊರಗೆ ಅಂದರೆ ಎಲ್ಲಿಗೆ? ಅದೇ ಮುಚ್ಚಿದ ಮೋರಿಗೆ. ಆ ಕೆಲಸವನ್ನು ಮೊದಲು ಮಾಡಿಬಿಟ್ಟರೆ ಟರ್ಫಿನ ಅಗತ್ಯವೇ ಉಳಿಯುವುದಿಲ್ಲ.

ಕೃತಕ ಹಾಸೆಂದರೆ ಬರೀ ಹಸಿರು ಚಾಪೆಯಲ್ಲ. ಪಾಲಿಥೀನ್ ಎಳೆಗಳ ನಡುವೆ ಮರಳು ಮತ್ತು ಹಳೆಯ ಟಯರ್ ಪುಡಿ ಮಾಡಿದ ಕಪ್ಪು ರಬ್ಬರ್ ಕಾಳು ತುಂಬುತ್ತಾರೆ. ಪೂರ್ಣ ಅಳತೆಯ ಒಂದು ಮೈದಾನಕ್ಕೆ ಸುಮಾರು ನೂರು ಟನ್ ರಬ್ಬರ್ ಹೋಗುತ್ತದೆ. ಆಟಗಾರರ ಬೂಟಿನಲ್ಲಿ, ಮಕ್ಕಳ ಕಾಲುಚೀಲದಲ್ಲಿ, ಮಳೆನೀರಿನಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಹೊರಬೀಳುತ್ತಲೇ ಇರುತ್ತದೆ. ನಮ್ಮಲ್ಲಿ ಒಂದು ಜೋರು ಮಳೆಗೆ ತೋಡು ತುಂಬುತ್ತದೆ, ತೋಡಿನಿಂದ ಗದ್ದೆ, ಗದ್ದೆಯಿಂದ ಹೊಳೆ, ಅಲ್ಲಿಂದ ಸಮುದ್ರ. ಯುರೋಪಿನ ಒಕ್ಕೂಟ 2023ರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ತಡೆಯಲು ನಿಯಮ ತಂದು, ಇಂಥ ಪ್ಲಾಸ್ಟಿಕ್, ರಬ್ಬರ್ ಕಾಳುಗಳ ಮಾರಾಟವನ್ನು 2031ರಿಂದ ನಿಲ್ಲಿಸುತ್ತಿದೆ. ಅವರು ಬಿಡುತ್ತಿರುವುದನ್ನು ನಾವು ಈಗ ಶಾಲೆಯ ಪಕ್ಕದಲ್ಲಿ ತಂದು ಹರಡಬೇಕೇ?

ಇದರಿಂದ ಕಾಯಿಲೆ ಬರುತ್ತದೆ ಎಂದು ಸಾಬೀತಾಗಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಇದು ಎಂಡೋಸಲ್ಫಾನ್ ಕೀಟನಾಶಕದ ವಿಷ ಅನುಭವಿಸಿದ ಜಿಲ್ಲೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಔಷಧ ಸುರಿಯುವಾಗಲೂ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಅದರ ಫಲ ಯಾವ ಮನೆಗಳಲ್ಲಿ ಮಲಗಿದೆ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಕಾಸರಗೋಡಿನ ತಾಯಂದಿರಿಗೆ "ಏನೂ ಆಗುವುದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿ ಮುಗಿಸುವ ಹಕ್ಕು ಯಾವ ಕಚೇರಿಗೂ ಇಲ್ಲ.

ಇನ್ನು ಬಿಸಿ. ಬಿಸಿಲಿನಲ್ಲಿ ಕೃತಕ ಹಾಸಿನ ಮೇಲ್ಮೈ 60 ಡಿಗ್ರಿ ದಾಟುವುದು ಅಳೆದು ನೋಡಿದ ವಿಷಯ. ಹುಲ್ಲು ತನ್ನಲ್ಲಿರುವ ನೀರನ್ನು ಆವಿ ಮಾಡಿ ತಂಪಾಗಿರುತ್ತದೆ, ಪ್ಲಾಸ್ಟಿಕ್‌ಗೆ ಆ ಶಕ್ತಿ ಇಲ್ಲ. ನಮ್ಮ ಶಾಲೆಯ ಮಕ್ಕಳು ಮಧ್ಯಾಹ್ನ ಊಟ ಮುಗಿಸಿ ಬರಿಗಾಲಿನಲ್ಲಿ ಓಡುವುದು ಈ ನೆಲದ ಮೇಲೆ. ಫೆಬ್ರವರಿಯಿಂದ ಮೇ ತನಕ ಅವರು ಎಲ್ಲಿಗೆ ಹೋಗಬೇಕು? ಹಾಸಿನ ಮೇಲೆ ಜಾರಿ ಬಿದ್ದರೆ ಚರ್ಮ ಸುಲಿಯುವುದನ್ನು, ಗಂಟೆ ಲೆಕ್ಕದ ಖಾಸಗಿ ಟರ್ಫಿನಲ್ಲಿ ಆಡಿ ಬಂದ ಯಾವ ಗೋಲ್‌ಕೀಪರನ ಮೊಣಕೈ ನೋಡಿದರೂ ತಿಳಿಯಬಹುದು.

ದೊಡ್ಡವರ ಫುಟ್‌ಬಾಲ್ ಹುಲ್ಲಿನ ಕಡೆಗೇ ಹೋಗುತ್ತಿದೆ. 2015ರಲ್ಲಿ ಕೆನಡಾದಲ್ಲಿ ಮಹಿಳಾ ವಿಶ್ವಕಪ್ಪನ್ನು ಕೃತಕ ಹಾಸಿನ ಮೇಲೆ ಆಡಿಸಲು ಹೊರಟಾಗ ಆಟಗಾರ್ತಿಯರೇ ಕಾನೂನು ಹೋರಾಟಕ್ಕೆ ಇಳಿದರು. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕೃತಕ ಹಾಸು ಇತ್ತು, 2017ರ 17 ವರ್ಷದೊಳಗಿನವರ ವಿಶ್ವಕಪ್ಪಿಗಾಗಿ ಅದನ್ನು ಕಿತ್ತು ಬರ್ಮುಡಾ ಹುಲ್ಲು ಬೆಳೆಸಿದರು. ಆ ಹುಲ್ಲು ನಮ್ಮ ಗರಿಕೆಯ ಕುಲದ್ದೇ. ಅದೇ ವಿಶ್ವಕಪ್ಪಿಗೆ ಸಿದ್ಧಪಡಿಸಿದ ಕೊಚ್ಚಿಯ ಹುಲ್ಲನ್ನು ಮರು ವರ್ಷ ಕ್ರಿಕೆಟ್ ಪಂದ್ಯಕ್ಕಾಗಿ ಅಗೆಯುವ ಮಾತು ಬಂದಾಗ ರಾಜ್ಯದ ಫುಟ್‌ಬಾಲ್ ಪ್ರೇಮಿಗಳು ಸುಮ್ಮನಿರಲಿಲ್ಲ, ಪಂದ್ಯ ತಿರುವನಂತಪುರಕ್ಕೆ ಹೋಯಿತು. ಕೊಚ್ಚಿಯ ಹುಲ್ಲಿಗಿದ್ದ ಬೆಲೆ ಗಡಿನಾಡಿನ ಹುಲ್ಲಿಗೂ ಇದೆ.

ಈ ಮೈದಾನ ಫುಟ್‌ಬಾಲಿನವರದು ಮಾತ್ರವೂ ಅಲ್ಲ. ಬೆಳಿಗ್ಗೆ ನಡೆಯುವವರು, ಸಂಜೆ ಏಳೇಳು ಜನರ ಸೆವೆನ್ಸ್ ಫುಟ್‌ಬಾಲ್ ಆಡುವವರು, ರಜೆಯಲ್ಲಿ ಅಂಡರ್ ಆರ್ಮ್ ಕ್ರಿಕೆಟಿನವರು, ಶಾಲೆಯ ಕ್ರೀಡಾಕೂಟ, ಕಬಡ್ಡಿ, ಚಳಿಗಾಲದಲ್ಲಿ ಯಕ್ಷಗಾನ ಬಯಲಾಟ, ಆಗಸ್ಟ್ 15ರ ಧ್ವಜಾರೋಹಣ, ಎಲ್ಲವೂ ಇಲ್ಲೇ. ಪ್ಲಾಸ್ಟಿಕ್ ಹಾಸಿನ ಮೇಲೆ ಗುಂಡು ಎಸೆಯಲಿಕ್ಕಾಗದು, ಶಾಮಿಯಾನದ ಗೂಟ ಹೊಡೆಯಲಿಕ್ಕಾಗದು, ವೇಷ ಕಟ್ಟುವ ಚೌಕಿಗೆ ಕಂಬ ನೆಡಲಿಕ್ಕಾಗದು. ಬಲೆ, ಗೇಟು, ಬೀಗ ಬಂದ ಮೇಲೆ ಗಂಟೆಗೆ ಇಷ್ಟು ಎಂಬ ಬೋರ್ಡು ಬರುವುದು ಖಂಡಿತ. ದುಡ್ಡು ಕೊಟ್ಟು ಆಡುವವರಿಗೆ ಕಾಸರಗೋಡಿನಿಂದ ಮಂಗಳೂರಿನ ತನಕ ದಾರಿಯುದ್ದಕ್ಕೂ ಖಾಸಗಿ ಟರ್ಫ್‌ಗಳಿವೆ. ದುಡ್ಡಿಲ್ಲದ ಮನೆಯ ಮಕ್ಕಳಿಗೆ ಇರುವುದು ಇದೊಂದೇ. ಅದಕ್ಕೂ ಬೀಗ ಹಾಕಲು ನಾವು ಬಿಡುವುದಿಲ್ಲ.

ಟರ್ಫಿಗೆ ನಿರ್ವಹಣೆ ಬೇಡ ಎನ್ನುವವರ ಮಾತೂ ಸುಳ್ಳು. ಟರ್ಫನ್ನು ಬ್ರಶ್ ಹಾಕಿ ಉಜ್ಜಬೇಕು, ರಬ್ಬರ್ ಮತ್ತೆ ಮತ್ತೆ ತುಂಬಬೇಕು, ಬಿಸಿ ಇಳಿಸಲು ನೀರು ಹಾಯಿಸಬೇಕು. ಎಂಟು ಹತ್ತು ವರ್ಷದಲ್ಲಿ ಅದು ಸವೆದುಹೋಗುತ್ತದೆ. ಕಿತ್ತ ಹಾಸನ್ನು ಎಲ್ಲಿ ಹಾಕುತ್ತೀರಿ? ಮನೆ ಮನೆಯ ಹಾಲಿನ ಕವರನ್ನು ತೊಳೆದು ಒಣಗಿಸಿ, ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಗೆ ಕೊಡಬೇಕು, ತಿಂಗಳಿಗೆ 50 ರೂಪಾಯಿಯನ್ನೂ ಕೊಡಬೇಕು ಎಂದು ನಮಗೆ ಹೇಳುವವರು ನೀವು. ಕೊಡುತ್ತಲೇ ಇದ್ದೇವೆ. ಹಾಗೆ ಸಂಗ್ರಹಿಸಿದ ಗೋಣಿಗಳು ಮೈದಾನದ ಮೂಲೆಯಲ್ಲೇ ತಿಂಗಳುಗಟ್ಟಲೆ ಬಿದ್ದಿವೆ, ನಾಯಿಗಳು ಹರಿದು ಹಾಕಿವೆ. ಬಿಸಿಲಲ್ಲಿ ಮನೆಮನೆ ಅಲೆಯುವ ಆ ಹೆಣ್ಣುಮಕ್ಕಳ ತಪ್ಪು ಅದರಲ್ಲಿಲ್ಲ, ಲಾರಿ ಕಳಿಸಬೇಕಾದವರ ತಪ್ಪು. ಗೋಣಿಯಲ್ಲಿರುವ ಪ್ಲಾಸ್ಟಿಕನ್ನೇ ಸಾಗಿಸಲಾಗದ ಪಂಚಾಯತು ಒಂದು ಮೈದಾನದಷ್ಟು ಪ್ಲಾಸ್ಟಿಕ್ ತಂದು ಹಾಸಲು ಹೊರಟಿರುವುದು ನಮಗೆ ಒಪ್ಪಿಗೆಯಿಲ್ಲ.

ಹೇಳಲು ಕುಳಿತ ಮೇಲೆ ಉಳಿದದ್ದನ್ನೂ ಹೇಳುತ್ತೇವೆ. ಮೈದಾನದ ಹೈಮಾಸ್ಟ್ ದೀಪದಲ್ಲಿ ಒಂದೇ ಬಲ್ಬ್ ಉರಿಯುತ್ತದೆ, ಅದರ ಕೆಳಗೆ ರಾತ್ರಿ ಕುಡುಕರ ಕೂಟ. ಶೌಚಾಲಯ ಕಟ್ಟಿ ಉದ್ಘಾಟನೆಯ ಕಲ್ಲು ಹಾಕಿದ್ದೀರಿ, ನೀರಿನ ಸಂಪರ್ಕ ಕೊಟ್ಟಿಲ್ಲ. ಕ್ರೀಡಾಕೂಟದ ದಿನ ಹೆಣ್ಣುಮಕ್ಕಳು ಅಕ್ಕಪಕ್ಕದ ಮನೆಗಳಿಗೆ ಹೋಗಬೇಕಾಗಿದೆ. ಸರ್ವಿಸ್ ರಸ್ತೆ ದಾಟಿ ಮೈದಾನಕ್ಕೆ ಬರಲು ಮಕ್ಕಳಿಗೆ ಸುರಕ್ಷಿತ ದಾರಿಯಿಲ್ಲ. ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಮಲಯಾಳದಲ್ಲಿ ಉತ್ತರ ಬರುತ್ತದೆ, ನೋಟೀಸು ಬೋರ್ಡಿನಲ್ಲಿ ಕನ್ನಡ ಹುಡುಕಬೇಕು. ಇದು ಸರ್ಕಾರವೇ ಒಪ್ಪಿಕೊಂಡ ಭಾಷಾ ಅಲ್ಪಸಂಖ್ಯಾತರ ಪ್ರದೇಶ, ನಮ್ಮ ಭಾಷೆಯಲ್ಲಿ ಅಹವಾಲು ಹೇಳುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮಲಯಾಳದಲ್ಲಿದ್ದರೆ ಟರ್ಫಿನ ಅಂದಾಜುಪಟ್ಟಿಯನ್ನೂ ಓದಿ ಅರ್ಥಮಾಡಿಕೊಳ್ಳಲಾಗದ ಹಿರಿಯರು ನಮ್ಮ ಸಹಿ ಹಾಕಿದವರಲ್ಲಿ ಬಹಳ ಮಂದಿ ಇದ್ದಾರೆ.

ಆದ್ದರಿಂದ ಟರ್ಫಿನ ಕೆಲಸವನ್ನು ಈ ಕೂಡಲೇ ನಿಲ್ಲಿಸಬೇಕು. ಅಂದಾಜುಪಟ್ಟಿ, ನಿರ್ಣಯದ ಪ್ರತಿ ಮತ್ತು ಮುಂದೆ ಮೈದಾನವನ್ನು ಯಾರು ನಡೆಸುತ್ತಾರೆ, ಶುಲ್ಕ ಇದೆಯೇ ಎಂಬ ವಿವರ, ಎಲ್ಲವನ್ನೂ ಕನ್ನಡದಲ್ಲಿ ಪ್ರಕಟಿಸಿ ವಿಶೇಷ ಗ್ರಾಮಸಭೆ ಕರೆಯಬೇಕು. ಮಳೆ ಶುರುವಾಗುವ ಮೊದಲು ಮೋರಿಯ ಮಣ್ಣು ತೆಗೆಸಿ ತೋಡು ಬಿಡಿಸಬೇಕು, ಹೆದ್ದಾರಿಯವರಿಗೆ ಕಾಗದ ಬರೆಯುವುದಿದ್ದರೆ ಅದನ್ನು ಬರೆಯಬೇಕಾದವರು ನೀವು, ನಾವಲ್ಲ. ಮುರಕಲ್ಲಿನ ಚೂರನ್ನೆಲ್ಲ ಆರಿಸಿ ತೆಗೆದು, ನಡುವಿನಿಂದ ಅಂಚಿಗೆ ಇಳಿಜಾರು ಕೊಟ್ಟು, ಮರಳು ಬೆರೆಸಿದ ಮಣ್ಣು ಹಾಕಿ, ಮೊದಲ ಮಳೆಗೆ ಗರಿಕೆ ನೆಡಿಸಬೇಕು. ಬೇರು ಹಿಡಿಯುವ ತನಕ ಮೈದಾನಕ್ಕೆ ಬಿಡುವು ಬೇಕು. ಅಷ್ಟು ದಿನ ಆಟ ನಿಲ್ಲಿಸಲು ಕ್ಲಬ್ಬುಗಳ ಹುಡುಗರು ಒಪ್ಪಿದ್ದಾರೆ. ಆಮೇಲೆ ಬೇಸಿಗೆಗೆ ಒಂದು ಬೋರ್‌ವೆಲ್ ನೀರು, ಹುಲ್ಲು ಕತ್ತರಿಸುವ ಒಂದು ಯಂತ್ರ, ಸಂಬಳ ಕೊಟ್ಟು ಇಟ್ಟ ಒಬ್ಬ ಕೆಲಸದವರು ಇಷ್ಟು ಸಾಕು. ಸರದಿಯಲ್ಲಿ ಶ್ರಮದಾನಕ್ಕೆ ನಾವು ಬರುತ್ತೇವೆ, ಹಿಂದೆಯೂ ಬಂದಿದ್ದೇವೆ.

ಈ ಮನವಿಗೆ ಕನ್ನಡದಲ್ಲಿ, ದಿನಾಂಕ ಮತ್ತು ಸಹಿ ಇರುವ ಉತ್ತರ 30 ದಿನದೊಳಗೆ ಬರಬೇಕು. ಪರಿಶೀಲನೆಯಲ್ಲಿದೆ ಎಂಬ ಉತ್ತರವನ್ನು ಉತ್ತರವೆಂದು ನಾವು ಒಪ್ಪುವುದಿಲ್ಲ. ಅಷ್ಟರೊಳಗೆ ಹಾಸಿನ ಸುರುಳಿ ಹೊತ್ತ ಲಾರಿ ಬಂದರೆ ಮಕ್ಕಳು ಮರಿಗಳೊಂದಿಗೆ ಮೈದಾನದ ದಾರಿಯಲ್ಲಿ ಕುಳಿತು ತಡೆಯುತ್ತೇವೆ.

ಇತಿ,
ಮೈದಾನದ ಸುತ್ತಲಿನ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ಜಿಲ್ಲಾಧಿಕಾರಿಗಳು, ಕಾಸರಗೋಡು, ಕ್ಷೇತ್ರದ ಶಾಸಕರು, ಜಿಲ್ಲಾ ಪಂಚಾಯತು ಸದಸ್ಯರು, ಶಾಲಾ ಪಿಟಿಎ.