ತಾರಸಿಯ ಮೇಲಿನ ಕೂಲಿಂಗ್ ಟವರ್‌ಗಳ ಪಟ್ಟಿ ಮಾಡಿಸಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲೆಯ ಆಸ್ಪತ್ರೆ, ಮಾಲ್, ಹೋಟೆಲ್, ಆಡಿಟೋರಿಯಂಗಳ ಪೈಕಿ ಯಾವ್ಯಾವುದರ ತಾರಸಿಯಲ್ಲಿ ಕೂಲಿಂಗ್ ಟವರ್ (ದೊಡ್ಡ ಎಸಿಯಿಂದ ಬರುವ ಬಿಸಿ ನೀರನ್ನು ಗಾಳಿಗೊಡ್ಡಿ ತಣಿಸುವ ಸಾಧನ) ಇದೆ, ಅದನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂಬ ಪಟ್ಟಿಯನ್ನು ತಾವು ಮಾಡಿಸಬೇಕು. ತೊಳೆಯದ ಟವರಿನ ತುಂತುರಿನಿಂದ ಜೀವ ತೆಗೆಯುವ ನ್ಯುಮೋನಿಯ ಹಬ್ಬಬಹುದು. ಅದನ್ನು ಕೇಳಿಕೊಳ್ಳಲೆಂದೇ ಈ ಪತ್ರ.

ನಾನು ಗಲ್ಫ್‌ನಲ್ಲಿ ವರ್ಷಗಟ್ಟಲೆ ಚಿಲ್ಲರ್ ಪ್ಲಾಂಟ್ (ದೊಡ್ಡ ಕಟ್ಟಡದ ಎಸಿಗೆ ನೀರು ತಣಿಸುವ ಯಂತ್ರಗಳು) ನೋಡಿಕೊಂಡು ಊರಿಗೆ ಮರಳಿದವನು. ಟವರ್ ತೊಳೆದ ದಿನ, ನೀರಿನ ಕ್ಲೋರಿನ್ ಮಟ್ಟ, ಆ ನ್ಯುಮೋನಿಯ ತರುವ ಲೀಜನೆಲ್ಲಾ ಬ್ಯಾಕ್ಟೀರಿಯದ ಪರೀಕ್ಷೆಯ ಫಲಿತಾಂಶ ಬರೆದಿಟ್ಟ ಪುಸ್ತಕವಿಲ್ಲದೆ ಅಲ್ಲಿ ಇನ್‌ಸ್ಪೆಕ್ಟರ್ ಎದುರು ನಿಲ್ಲುವ ಹಾಗಿರಲಿಲ್ಲ.

ಇಲ್ಲಿ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಒಂದು ಕಟ್ಟಡದ ತಾರಸಿ ಹತ್ತಿದ್ದೆ. ಆಟಿಯ ಮಳೆಗೆ ಎಸಿ ಅಷ್ಟಾಗಿ ಬೇಡವೆಂದು ಎರಡು ಟವರ್‌ಗಳಲ್ಲಿ ಒಂದನ್ನು ನಿಲ್ಲಿಸಿದ್ದರು, ತೊಟ್ಟಿಯ ನೀರನ್ನು ಮಾತ್ರ ಖಾಲಿ ಮಾಡಿರಲಿಲ್ಲ. ಬದಿ ಮುಟ್ಟಿದರೆ ಕೈಗೆ ಲೋಳೆ ಹತ್ತುತ್ತಿತ್ತು. ಹಾರುವ ಹನಿಗಳನ್ನು ತಡೆಯಬೇಕಾದ ಡ್ರಿಫ್ಟ್ ಎಲಿಮಿನೇಟರ್‌ನ ಹಾಳೆಗಳು ಅಲ್ಲಲ್ಲಿ ಮುರಿದಿದ್ದವು. ಆ ನೀರಿನಲ್ಲೇ ಪಂಪ್, ಫ್ಯಾನ್ ಚಾಲೂ ಮಾಡುವುದರಲ್ಲಿದ್ದರು. ಕೆಳಗೆ ಆಟೋ ಸ್ಟ್ಯಾಂಡ್. ನಾನು ಹೇಳಿದ ಮೇಲೆ ತೊಟ್ಟಿಯ ನೀರನ್ನು ಹೊರಬಿಟ್ಟರು, ನಿಜ. ಆದರೆ "ತೊಳೆಯಲೇಬೇಕು ಅಂತ ಆರ್ಡರ್ ಎಲ್ಲುಂಟು?" ಎಂದು ಸೂಪರ್‌ವೈಸರ್ ಕೇಳಿದಾಗ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

ಲೀಜನೆಲ್ಲಾ ಬ್ಯಾಕ್ಟೀರಿಯ 20ರಿಂದ 45 ಡಿಗ್ರಿ ಬಿಸಿಯ ನೀರಿನಲ್ಲಿ ಬೆಳೆಯುತ್ತದೆ. ಚಿಲ್ಲರ್‌ನಿಂದ ಟವರಿಗೆ ಬರುವ ನೀರು ಸುಮಾರು 35 ಡಿಗ್ರಿ, ಅಂದರೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಲೋಳೆಯೊಳಗೆ, ಅಮೀಬಾಗಳ ಒಡಲೊಳಗೆ ಅಡಗಿ ಕೂತ ಅದನ್ನು ಬರೀ ಕ್ಲೋರಿನ್ ಸುರಿದು ಓಡಿಸಲಾಗದು. ಲೋಳೆಯನ್ನು ಮೊದಲು ತಿಕ್ಕಿ ತೆಗೆಯಬೇಕು. ಟವರಿನ ತುಂತುರು ಉಸಿರಿನೊಂದಿಗೆ ಒಳಹೋದರೆ ಸಾಮಾನ್ಯವಾಗಿ 2ರಿಂದ 14 ದಿನಗಳಲ್ಲಿ ನ್ಯುಮೋನಿಯ ಕಾಣಿಸಿಕೊಳ್ಳಬಹುದು. ವಯಸ್ಸಾದವರಿಗೆ, ಸಿಗರೇಟು ಸೇದುವವರಿಗೆ, ಶ್ವಾಸಕೋಶದ ಕಾಯಿಲೆಯವರಿಗೆ ಅಪಾಯ ಜಾಸ್ತಿ. ಮನೆಯ ಸ್ಪ್ಲಿಟ್ ಎಸಿಗೆ ಯಾರೂ ಹೆದರಬೇಕಾಗಿಲ್ಲ, ಅದರಲ್ಲಿ ಇಂಥ ಟವರೇ ಇರುವುದಿಲ್ಲ.

1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ತಗಲಿದಾಗ ಈ ರೋಗ ಜಗತ್ತಿಗೆ ಗೊತ್ತಾಯಿತು. 2015ರಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಒಂದು ಹೋಟೆಲಿನ ಟವರ್‌ನಿಂದ ಹಬ್ಬಿ 16 ಮಂದಿ ತೀರಿಕೊಂಡರು. ಆ ವರ್ಷವೇ ಆ ನಗರ ಪ್ರತಿ ಟವರಿನ ನೋಂದಣಿಯನ್ನೂ ತಪಾಸಣೆಯನ್ನೂ ಕಡ್ಡಾಯ ಮಾಡಿತು. ನಾವು ಸಾವು ಕಂಡಮೇಲೆಯೇ ಎಚ್ಚೆತ್ತುಕೊಳ್ಳಬೇಕೇ?

ನನ್ನನ್ನು ಹೆಚ್ಚು ಕಾಡುವುದು ನಮ್ಮ ಗಡಿ. ಮಂಜೇಶ್ವರ, ಉಪ್ಪಳ, ಕುಂಬಳೆಯವರು ಜ್ವರ ಬಿಗಡಾಯಿಸಿದರೆ ಮಂಗಳೂರಿಗೆ ಹೋಗುತ್ತೇವೆ. 2020ರಲ್ಲಿ ಕೋವಿಡ್‌ಗೆಂದು ತಲಪಾಡಿ ಗಡಿ ಮುಚ್ಚಿದಾಗ ನಾವು ಪಟ್ಟ ಪಾಡು ಜಿಲ್ಲಾಡಳಿತಕ್ಕೆ ಗೊತ್ತಿರುವಂಥದ್ದೇ. ಒಂದೇ ಟವರಿನ ಕೆಳಗೆ ಓಡಾಡಿದ ನಾಲ್ವರಲ್ಲಿ ಇಬ್ಬರು ಮಂಗಳೂರಿನಲ್ಲಿ, ಒಬ್ಬರು ಕಾಞಂಗಾಡಿನಲ್ಲಿ, ಇನ್ನೊಬ್ಬರು ಕಣ್ಣೂರಿನಲ್ಲಿ ದಾಖಲಾದರೆ ಆ ನಾಲ್ಕು ಕೇಸುಗಳನ್ನು ಜೋಡಿಸಿ ನೋಡುವವರು ಯಾರು? ಎಲ್ಲರ ಚೀಟಿಯಲ್ಲೂ ಬರೀ 'ನ್ಯುಮೋನಿಯ' ಎಂದಿರುತ್ತದೆ. ಪೆನಿಸಿಲಿನ್ ಜಾತಿಯ ಔಷಧಿ ಇದಕ್ಕೆ ನಾಟುವುದಿಲ್ಲ. ಅಜಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್ ಬೇಕು. ತೀವ್ರ ನ್ಯುಮೋನಿಯದವರ ಮೂತ್ರ ಪರೀಕ್ಷೆಯಲ್ಲೇ ಇದರ ಮುಖ್ಯ ಬಗೆಯನ್ನು ಗುರುತಿಸಬಹುದು. ಹಾಗಾಗಿ ಜಿಲ್ಲಾ ವೈದ್ಯಾಧಿಕಾರಿಗಳೂ ದಕ್ಷಿಣ ಕನ್ನಡದ ಆರೋಗ್ಯಾಧಿಕಾರಿಗಳೂ ಇಂಥ ಕೇಸುಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವ ಏರ್ಪಾಡನ್ನು ತಾವೇ ಮುಂದೆ ನಿಂತು ಮಾಡಿಸಬೇಕು.

ಪಟ್ಟಿಯನ್ನು ಪಂಚಾಯತು, ನಗರಸಭೆಗಳ ಮೂಲಕ ಮಾಡಿಸಬಹುದು. ಮಳೆಗಾಲಕ್ಕೆ ನಿಲ್ಲಿಸಿದ ಟವರನ್ನು ತೊಳೆದು ಕ್ಲೋರಿನ್ ಹಾಕದೆ ಮತ್ತೆ ಚಾಲೂ ಮಾಡಬಾರದೆಂಬ ಒಂದು ಆದೇಶ ಈ ವರ್ಷವೇ ಹೊರಡಲಿ, ಕನ್ನಡ ಮಲಯಾಳ ಎರಡರಲ್ಲೂ. ಟವರಿನೊಳಗೆ ಇಳಿದು ಪ್ರೆಶರ್ ಪಂಪ್ ಹಿಡಿಯುವ ಹೊರರಾಜ್ಯದ ಹುಡುಗರಿಗೆ ಎನ್95 ಮಾಸ್ಕ್ ಕೊಡಬೇಕೆಂಬ ಮಾತೂ ಅದರಲ್ಲಿರಲಿ. ಆ ತುಂತುರನ್ನು ಎಲ್ಲರಿಗಿಂತ ಮೊದಲು ಉಸಿರಾಡುವವರು ಅವರು. ತಪಾಸಣೆಗೆ ಹೋಗುವ ತಂಡಕ್ಕೆ ಏನನ್ನು ನೋಡಬೇಕೆಂದು ತೋರಿಸಿಕೊಡಲು ನಾನು ಯಾವ ಸಂಬಳವೂ ಇಲ್ಲದೆ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಚಿಲ್ಲರ್ ಮೆಕ್ಯಾನಿಕ್, ಕುಂಬಳೆ