ಸಹಿ ಹಾಕುವ ಮುನ್ನ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿನ್ನ ಮೊದಲ ಪ್ರಬಂಧ ಅಂಗೀಕಾರವಾಯಿತೆಂದು ಓದಿ ಹಿಗ್ಗಿದೆ. ಅದೇ ಪತ್ರದ ಕೊನೆಯಲ್ಲಿ, ಎಲ್ಲರೂ ಓದುವಂತಾಗಲು ಜರ್ನಲ್‌ಗೆ ಶುಲ್ಕ ಕಟ್ಟಬೇಕಂತೆ, ಸಾಲ ಮಾಡಲೇ ಎಂದು ಕೇಳಿದ್ದೀಯ. ಖಂಡಿತ ಬೇಡ. ಹಣ ಕಟ್ಟಿದರೆ ಮಾತ್ರ ಪ್ರಬಂಧ ಮುಕ್ತವಾಗುತ್ತದೆ ಎಂಬ ನಂಬಿಕೆ ಬೆಳೆದಷ್ಟೂ ಪ್ರಕಾಶಕರಿಗೇ ಲಾಭ.

ಸಂಶೋಧನೆ ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕೆಂದ 2002ರ ಬುಡಾಪೆಸ್ಟ್ ಘೋಷಣೆ ಅದಕ್ಕೆ ಎರಡು ದಾರಿಗಳನ್ನು ಸೂಚಿಸಿತ್ತು. ಲೇಖಕರೇ ತಮ್ಮ ಪ್ರತಿಯನ್ನು ಸಾರ್ವಜನಿಕ ಸಂಗ್ರಹದಲ್ಲಿ ಇಡುವುದು ಒಂದು. ಓದುಗರಿಂದ ಹಣ ಕೇಳದ ಜರ್ನಲ್‌ಗಳನ್ನು ಕಟ್ಟುವುದು ಇನ್ನೊಂದು. ಲೇಖಕರಿಂದ ವಸೂಲಿ ಮಾಡುವುದು ಎರಡನೆಯದರ ಒಂದು ಕವಲು ಮಾತ್ರ. ಆ ಕವಲು ಎಲ್ಲಿಗೆ ಹೋಗಿ ಮುಟ್ಟಿದೆ ನೋಡು: ‘ನೇಚರ್’ ಪತ್ರಿಕೆ 2021ರಲ್ಲಿ ಮುಕ್ತ ಪ್ರಕಟಣೆಯ ಆಯ್ಕೆ ಕೊಟ್ಟಾಗ ಒಂದು ಪ್ರಬಂಧಕ್ಕೆ ಇಟ್ಟ ದರ 9,500 ಯೂರೊ. ಬರೆದವರಿಗೆ ಸಂಭಾವನೆಯಿಲ್ಲ, ಪರಿಶೀಲಿಸಿದವರಿಗೂ ಇಲ್ಲ!

ನಿನ್ನದು ಹೈಬ್ರಿಡ್ ಜರ್ನಲ್. ಗ್ರಂಥಾಲಯಗಳಿಂದ ಚಂದಾ ಪಡೆಯುತ್ತಲೇ, ಒಪ್ಪುವ ಲೇಖಕರಿಂದ ಶುಲ್ಕವನ್ನೂ ಪಡೆಯುತ್ತದೆ. ನೀನು ಕಟ್ಟದಿದ್ದರೂ ಪ್ರಬಂಧ ಪ್ರಕಟವಾಗುತ್ತದೆ, ಚಂದಾದಾರರಿಗೆ ಸಿಗುತ್ತದೆ. ಉಳಿದವರಿಗೆ ತಲುಪಿಸಲು ಬೇರೆ ಉಪಾಯವಿದೆ. ಪರಿಶೀಲಕರ ಆಕ್ಷೇಪಗಳಿಗೆಲ್ಲ ಉತ್ತರಿಸಿ, ತಿದ್ದಿ, ಕೊನೆಗೆ ಸಂಪಾದಕರು ಒಪ್ಪಿದ ನಿನ್ನ ಫೈಲ್ ಇದೆಯಲ್ಲ, ಅದನ್ನು ಜೋಪಾನವಾಗಿಡು. ಪುಟವಿನ್ಯಾಸ ಮಾಡಿದ ಅಂದದ ಪಿಡಿಎಫ್ ಸಾಮಾನ್ಯವಾಗಿ ಪ್ರಕಾಶಕರ ಹಿಡಿತದಲ್ಲಿರುತ್ತದೆ. ಆದರೆ ಈ ಅಂಗೀಕೃತ ಹಸ್ತಪ್ರತಿಯನ್ನು ವಿಶ್ವವಿದ್ಯಾಲಯದ ರೆಪಾಸಿಟರಿಯಲ್ಲಿ, ಅಂದರೆ ಅದರ ಆನ್‌ಲೈನ್ ಸಂಗ್ರಹದಲ್ಲಿ, ಇಡಲು ಬಹಳಷ್ಟು ಪ್ರಕಾಶಕರು ಒಪ್ಪುತ್ತಾರೆ. ಕೆಲವರು ಆರು ತಿಂಗಳೋ ವರ್ಷವೋ ಕಾಯಿರಿ ಎನ್ನುತ್ತಾರೆ. ಯಾವ ಜರ್ನಲ್‌ನ ನಿಯಮ ಏನೆಂಬುದು ಬ್ರಿಟನ್ನಿನ ಜಿಸ್ಕ್ ಸಂಸ್ಥೆಯ ಓಪನ್ ಪಾಲಿಸಿ ಫೈಂಡರ್ ಎಂಬ ಜಾಲತಾಣದಲ್ಲಿ ಸಿಗುತ್ತದೆ. ನನ್ನಂಥ ಹಳಬರ ಬಾಯಲ್ಲಿ ಅದು ಇನ್ನೂ ಶೆರ್ಪಾ ರೋಮಿಯೋ.

ನಿನಗೆ ಅನುದಾನ ಕೊಟ್ಟವರ ಷರತ್ತುಗಳನ್ನೂ ಓದು. ತಮ್ಮ ಹಣದಿಂದ ನಡೆದ ಸಂಶೋಧನೆ ಮುಕ್ತವಾಗಿ ಸಿಗಬೇಕೆಂಬ, 2021ರಲ್ಲಿ ಜಾರಿಗೆ ಬಂದ ಪ್ಲಾನ್ ಎಸ್ ನೀತಿಯನ್ನು ಒಪ್ಪಿಕೊಂಡಿರುವ ಅನುದಾನ ಸಂಸ್ಥೆಗಳು ಈ ಕಾಯುವ ಅವಧಿಯನ್ನು ಒಪ್ಪುವುದಿಲ್ಲ. ಪ್ರಕಾಶಕರೊಂದಿಗೆ ನಿಮ್ಮ ವಿಶ್ವವಿದ್ಯಾಲಯ ಮೊದಲೇ ಒಪ್ಪಂದ ಮಾಡಿಕೊಂಡಿದ್ದು, ಶುಲ್ಕ ಅದರಲ್ಲೇ ಸೇರಿರಲೂಬಹುದು. ಗ್ರಂಥಪಾಲಕರಿಗೆ ಇದೆಲ್ಲ ಗೊತ್ತಿರುತ್ತದೆ. ಸಂಶೋಧಕರು ಮಾತ್ರ ಎಲ್ಲವೂ ಕೈಮೀರಿದ ಮೇಲೆ ಅವರ ಬಳಿ ಹೋಗುತ್ತಾರೆ!

ಜರ್ನಲ್‌ಗಾಗಿ ನೀನು ಸಹಿ ಹಾಕಬೇಕಾದ ಒಪ್ಪಂದಪತ್ರದ ವಿಷಯದಲ್ಲಿ ಅವಸರ ಬೇಡ. ಹಕ್ಕುಸ್ವಾಮ್ಯವನ್ನು ಪೂರ್ತಿ ಬಿಟ್ಟುಕೊಡುತ್ತೀಯೋ, ಪ್ರಕಟಿಸುವ ಪರವಾನಗಿಯನ್ನಷ್ಟೇ ಕೊಡುತ್ತೀಯೋ ನೋಡಿಕೋ. ಮುಂದೆ ಎಂದಾದರೂ ಮುಕ್ತ ಪರವಾನಗಿ ಆರಿಸುವ ಸಂದರ್ಭ ಬಂದರೆ, ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಸಿದ್ಧ ಪರವಾನಗಿಗಳಲ್ಲಿ ಒಂದಾದ ಸಿಸಿ ಬೈ ಅಡಿಯಲ್ಲಿ ನಿನ್ನ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಪಠ್ಯದಲ್ಲಿ ಬಳಸಬಹುದು, ಮಾರಲೂಬಹುದು. ಮಾರುವುದೆಂದ ಕೂಡಲೇ ಹೆದರಿ ಹಲವರು ವಾಣಿಜ್ಯ ಬಳಕೆ, ಮಾರ್ಪಾಡು ಎರಡನ್ನೂ ತಡೆಯುವ ಪರವಾನಗಿಗೆ ಟಿಕ್ ಹಾಕುತ್ತಾರೆ. ಆಗ ನಿನ್ನನ್ನು ಕೇಳದೆ ಯಾರೂ ಅನುವಾದ ಹಂಚುವಂತಿಲ್ಲ. ತಮಾಷೆಯೆಂದರೆ, ಕೆಲವು ಒಪ್ಪಂದಗಳಲ್ಲಿ ಆ ವಾಣಿಜ್ಯ ಹಕ್ಕು ಲೇಖಕರ ಬಳಿ ಉಳಿಯದೆ ಪ್ರಕಾಶಕರ ಪಾಲಾಗುತ್ತದೆ. ಸಣ್ಣ ಅಕ್ಷರಗಳನ್ನೂ ಓದು ಎನ್ನುವುದು ಇದಕ್ಕೇ.

ಇನ್ನು, ಐದು ದಿನಗಳಲ್ಲಿ ಪ್ರಕಟಿಸುತ್ತೇವೆಂದು ನಿನ್ನನ್ನು ಹೊಗಳಿ ಬಂದ ಆ ಇಮೇಲ್ ಅಳಿಸಿಬಿಡು, ಅಷ್ಟು ಬೇಗ ಸರಿಯಾದ ಪರಿಶೀಲನೆ ಆಗುವುದಿಲ್ಲ. ಮುಕ್ತ ಜರ್ನಲ್ ಬೇಕಿದ್ದರೆ 2003ರಲ್ಲಿ ಆರಂಭವಾದ ಡಿಒಎಜೆ ಎಂಬ ಸೂಚಿಯಲ್ಲಿ ಹುಡುಕು. ಅಲ್ಲಿರುವ ಬಹುಪಾಲು ಜರ್ನಲ್‌ಗಳು ಲೇಖಕರಿಂದ ಏನನ್ನೂ ಪಡೆಯುವುದಿಲ್ಲ. ಸೂಚಿಯಲ್ಲಿ ಹೆಸರಿದ್ದರೂ ಕಣ್ಣುಮುಚ್ಚಿ ಕಳಿಸಬೇಡ. ಆ ಜರ್ನಲ್‌ನ ಇತ್ತೀಚಿನ ಪ್ರಬಂಧಗಳನ್ನು ಓದಿನೋಡು. ಶುಲ್ಕವಿರುವ ಕಡೆ ವಿನಾಯಿತಿ ಕೇಳುವುದಿದ್ದರೆ ಪ್ರಬಂಧ ಕಳಿಸುವ ಮೊದಲೇ ಕೇಳು. ಅಂಗೀಕಾರವಾದ ಮೇಲೆ ಕೇಳಿದರೆ ಹಲವು ಕಡೆ ಪರಿಗಣಿಸುವುದೇ ಇಲ್ಲ.

ಮುಂದಿನ ಪ್ರಬಂಧವನ್ನು ಪ್ರಿಪ್ರಿಂಟ್ ಆಗಿ, ಅಂದರೆ ಜರ್ನಲ್‌ನ ಪರಿಶೀಲನೆಗೂ ಮೊದಲೇ ಆನ್‌ಲೈನ್‌ನಲ್ಲಿ, ಹಾಕುವ ಯೋಚನೆ ಒಳ್ಳೆಯದೇ. ಭೌತವಿಜ್ಞಾನಿಗಳು 1991ರಿಂದ ಆರ್ಕೈವ್ (arXiv) ಎಂಬ ಮುಕ್ತ ಸಂಗ್ರಹದಲ್ಲಿ ಅದನ್ನೇ ಮಾಡುತ್ತಿದ್ದಾರೆ. ಆದರೆ ಗೈಡ್ ಮತ್ತು ಸಹಲೇಖಕರ ಒಪ್ಪಿಗೆ ಪಡೆದೇ ಹಾಕು, ಜರ್ನಲ್ ಅದಕ್ಕೆ ಒಪ್ಪುತ್ತದೆಯೇ ಎಂದೂ ನೋಡು. ಸದ್ಯಕ್ಕೆ ಒಪ್ಪಂದಪತ್ರದ ಒಂದು ಪ್ರತಿಯನ್ನು ನನಗೆ ಕಳಿಸು. ಓದಿ, ಅನುಮಾನ ಬಂದ ಕಡೆ ಗೆರೆ ಎಳೆದು ಹಿಂದಿರುಗಿಸುತ್ತೇನೆ.

ಇಂತು,
ನಿನ್ನ ಚಿಕ್ಕಮ್ಮ